ತಕ್ಕಡಿಯ ಮುಂದೆ ಬಂದ ಕೈ

ನನ್ನ ಮೊಮ್ಮಗಳು ಮೊಬೈಲಿನಲ್ಲಿ ಆಡುವ ಒಂದು ಗೇಮ್ ಮಾಡಿದ್ದಳು. ಅದನ್ನು ಕೆಡಿಸಿದವನು ನಾನು.

ಶಹಾಪುರದ ಒಂದು ಹತ್ತಿ ಅಂಗಡಿಯಲ್ಲಿ ನಾನು ಬಹಳ ವರ್ಷ ತೂಕ ಮಾಡಿದವನು. ಮೆಟ್ರಿಕ್ ಪಾಸಾದವನಿಗೆ ಮರ್ಯಾದೆಯ ಕೆಲಸ. ಹೊಲದಲ್ಲಿ ಉಳಿದ ಹತ್ತಿಯನ್ನು ಆಯ್ದು ಕೂಲಿ ಹೆಂಗಸರು ಗಂಟು ಕಟ್ಟಿ ತರುತ್ತಿದ್ದರು. ತೂಗುವ ಮೊದಲು ಪ್ರತಿ ಗಂಟಿನಿಂದ ಒಂದು ಹಿಡಿ ತೆಗೆದು ಹಿಂದಿನ ಬುಟ್ಟಿಗೆ ಹಾಕುವುದು ನಮ್ಮ ಅಂಗಡಿಯ ರೂಢಿ. ದೇವರ ಹಿಡಿ ಎನ್ನುತ್ತಿದ್ದೆವು. ಮೊಮ್ಮಗಳು ಸಣ್ಣವಳಿದ್ದಾಗ ಇದನ್ನು ಅವಳಿಗೆ ಹೆಮ್ಮೆಯಿಂದ ಹೇಳಿದ್ದೂ ನಾನೇ.

ಈಗ ಅವಳು ಯಾದಗಿರಿಯ ಕಾಲೇಜಿನಲ್ಲಿ ಓದುತ್ತಾಳೆ. ಚಿತ್ರ ಚೆನ್ನಾಗಿ ಬರೆಯುತ್ತಾಳೆ. ಗೇಮಿನಲ್ಲಿ ಸುರಪುರದ ಹಳೆಯ ಚಿತ್ರಗಳಲ್ಲಿರುವಂಥ ಸಣ್ಣ ಗೆರೆಗಳಿಂದ ಹೊಲ, ಬಂಡೆ, ಹತ್ತಿಗಿಡ ಬರೆದಿದ್ದಳು. ಆಡುವವರು ಬೆರಳಿನಿಂದ ಹತ್ತಿ ಬಿಡಿಸಬೇಕು. ಅವಸರ ಮಾಡಿದರೆ ಕಾಯಿಯ ಮೊನೆ ಚುಚ್ಚಿ ಪರದೆ ಕೆಂಪಾಗುತ್ತದೆ. ಉಡಿ ತುಂಬಿಕೊಂಡು ತಕ್ಕಡಿಗೆ ಬಂದರೆ ಪಕ್ಕದಿಂದ ಒಂದು ಕೈ ಬಂದು ಹಿಡಿ ಹತ್ತಿ ಎತ್ತಿಕೊಳ್ಳುತ್ತದೆ. ಎಷ್ಟು ಬಿಡಿಸಿದರೂ ಆ ಕೈ ತಪ್ಪುವುದಿಲ್ಲ.

"ಇದರಾಗ ಗೆಲ್ಲೂದು ಇಲ್ಲೇನವಾ?" ಎಂದೆ.

"ಇಲ್ಲ ಮುತ್ಯಾ."

ಆ ಕೈಯ ಕಿರುಬೆರಳು ಸೊಟ್ಟಗಿತ್ತು. ನನ್ನದೂ ಸೊಟ್ಟ.

"ಇದು ನನ್ನ ಕೈ ಅಲ್ಲೇನು?"

"ಬರಿಯಾಕ ಎದುರಿಗಿ ಇದ್ದದ್ದು ಅದೊಂದ. ನೀ ಮಲಗಿದ್ದಿ, ನೋಡಿ ಬರದೆ."

ಹೈದರಾಬಾದಿನ ಒಂದು ಕಂಪನಿಯವರು ಗೇಮನ್ನು ಮೆಚ್ಚಿ, ತಾವು ಹೊರತರುತ್ತೇವೆ ಎಂದರು. ಆದರೆ ಗೆಲುವಿಲ್ಲದ ಆಟವನ್ನು ಯಾರೂ ಆಡುವುದಿಲ್ಲವಂತೆ. ಕೈ ಬಂದಾಗ ಒಂದು ಜಾಹೀರಾತು ನೋಡಿದರೆ ಅದು ಹಿಂದೆ ಸರಿಯಬೇಕು. ಕೈಯೂ ನಗು ಬರುವಂತಿರಬೇಕು. ಅವಳು ಒಪ್ಪಲಿಲ್ಲ. ನಾನು ವಾರಗಟ್ಟಲೆ ಬೆನ್ನುಹತ್ತಿದೆ. "ಜನ ಆಡಬೇಕಂದ್ರ ನಾವು ಸ್ವಲ್ಪ ಬಗ್ಗಬೇಕವಾ, ಹಟ ಮಾಡಬ್ಯಾಡ" ಎಂದೆ. ಹಿರಿಯನ ಮಾತೆಂದು ಕೊನೆಗೆ ಮಣಿದಳು. ಜನ ಆಡಲಿ ಎಂಬುದು ನೆಪ. ನನಗೆ ಆ ಬೆರಳನ್ನು ನೋಡಲಾಗುತ್ತಿರಲಿಲ್ಲ. ಅದರ ಜಾಗದಲ್ಲಿ ಕಡಗ ತೊಟ್ಟ ದಪ್ಪ ಗೊಂಬೆ ಕೈ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ. ಅವಳು ಆಮೇಲೆ ಗೇಮಿನ ಮಾತೇ ಎತ್ತಲಿಲ್ಲ.

ನಮ್ಮ ಮನೆಗೆ ತೊಗರಿ ಹಸನು ಮಾಡಲು ಸಗರದ ಒಬ್ಬ ಹೆಂಗಸು ಬರುತ್ತಾಳೆ. ಹಿಂದೆ ನಮ್ಮ ಅಂಗಡಿಗೆ ಹತ್ತಿ ತರುತ್ತಿದ್ದವಳು. ಒಂದು ಮಧ್ಯಾಹ್ನ ಮೊಮ್ಮಗಳು ಅವಳ ಕೈಗೆ ಮೊಬೈಲ್ ಕೊಟ್ಟಳು. ಆ ಹೆಂಗಸು ಹತ್ತಿಯನ್ನೇನೋ ಚಕಚಕನೆ ಬಿಡಿಸಿದಳು. ಕೈ ಬಂತು. ಅಡುಗೆ ಎಣ್ಣೆಯ ಜಾಹೀರಾತು ಬಂತು. ಕೈ ಹೋಯಿತು. ಅವಳು ಮೊಬೈಲ್ ಕೆಳಗಿಟ್ಟು ನಕ್ಕಳು.

"ಎಣ್ಣಿ ಡಬ್ಬಿ ನೋಡಿದ್ರ ಕೈ ಹಿಂದ ಸರೀತದೇನ್ರಿ ಅಣ್ಣಾರ? ಮೊದಲ ಹೇಳಿದ್ರ ನಾನೂ ಒಂದು ಡಬ್ಬಿ ಹೊತ್ಕೊಂಡು ಬರತಿದ್ದೆ!" ಆಮೇಲೆ ನಗುತ್ತಲೇ ಕೇಳಿದಳು, "ಅಂದಂಗ, ಆ ಬುಟ್ಟಿ ಯಾವ ದೇವರಿಗಿ ಹೋಗತಿತ್ರಿ?"

ಮೊಮ್ಮಗಳು ನನ್ನ ಮುಖ ನೋಡಿದಳು. ಹೇಳಿದೆ. ಅದು ಯಾವ ಗುಡಿಗೂ ಹೋಗುತ್ತಿರಲಿಲ್ಲ. ಅಂಗಡಿಯ ಸಾಹುಕಾರರ ರಾಶಿಗೆ ಸೇರುತ್ತಿತ್ತು, ಹಬ್ಬಕ್ಕೆ ನನಗೂ ಪಾಲು ಬರುತ್ತಿತ್ತು. ಗೇಮ್ ಬದಲಿಸು ಎಂದು ಗಂಟುಬಿದ್ದದ್ದು ಯಾಕೆ ಎಂಬುದನ್ನೂ ಹೇಳಿದೆ.

"ಗೊತ್ತಿತ್ತು ಬಿಡ್ರಿ," ಎಂದಳು ಆ ಹೆಂಗಸು, ಮೊರ ಎತ್ತಿಕೊಳ್ಳುತ್ತ. "ಅದಕ್ಕ ನಾವೂ ತೂಕ ಹೆಚ್ಚಾಗ್ಲಂತ ಗಂಟಿನ ತಳಕ್ಕ ನೀರು ಹೊಡಕೊಂಡು ಬರತಿದ್ವಿ."

ಮೊಮ್ಮಗಳು ಬಹಳ ದಿನಗಳ ಮೇಲೆ ನಕ್ಕಳು. "ನೀರು ಹೊಡಿಯೂದೂ ಗೇಮಿನಾಗ ಹಾಕ್ಲೇನ್ ಚಿಗವ್ವಾ?"

"ಹಾಕವಾ. ಅದೂ ಖರೇನ ಅದ."

ಕಂಪನಿಯವರಿಗೆ ಬೇಡವೆಂದು ಹೇಳಿ ಅವಳು ಗೇಮನ್ನು ವಾಪಸು ತೆಗೆದುಕೊಂಡಳು. ಈಗ ಅದನ್ನು ಆಡುವವರು ಅವಳ ಕಾಲೇಜಿನವರು ಕೆಲವರು, ನಮ್ಮ ಓಣಿಯವರು ಕೆಲವರು. ಹಳೆಯ ಕೈಯನ್ನು ಅಳಿಸಿಬಿಟ್ಟಿದ್ದಳು, ಮತ್ತೆ ಬರೆಯಬೇಕಿತ್ತು. ಕಟ್ಟೆಯ ಮೇಲೆ ಎದುರಿಗೆ ಕುಳಿತು, "ಕೈ ಚಾಚು ಮುತ್ಯಾ" ಎಂದಳು.

ಚಾಚಿದೆ.

"ಬೆರಳು ನೆಟ್ಟಗ ಮಾಡಬ್ಯಾಡ," ಎಂದಳು.