ನಾನು ಎಳೆದ ತೋಳು

ಕಮಲಾ ಸಿಸ್ಟರ್, ನನ್ನ ಸೊಸೆ ರೇಣುಕಾಳ ತೋಳನ್ನು ಕೆಡಿಸಿದವಳು ನೀನಲ್ಲ, ನಾನು. ನಿನ್ನ ಸೂಜಿ ನೋವು ಮಾಡಿತು— ಕೆಡಿಸಿದ್ದು ನಾನು.

ಸಾವರ್ಡೆಯ ಗಣಿ ಲಾರಿಗಳು ಇನ್ನೂ ಓಡುತ್ತಿದ್ದ ಕಾಲ. ಕೊರ್ಲಿಮ್‌ನ ಫ್ಯಾಕ್ಟರಿಯಲ್ಲಿ ತಗಡು ಕೊಯ್ದು ಅವಳ ಬೆರಳಿಗೆ ಗಾಯವಾದಾಗ, ಅಲ್ಲಿಯ ನರ್ಸ್ ಆಗಿದ್ದ ನೀನು ಧನುರ್ವಾಯುವಿನ ಲಸಿಕೆ ಹಾಕಿದೆ. ತುಸು ಮೇಲೆ, ಭುಜದ ಎಲುಬಿನ ಹತ್ತಿರ ಹಾಕಿದ್ದೆ, ಅದು ಖರೇ. ಭುಜ ಹಿಡಿದುಕೊಂಡಿತು. ಆದರೂ ಕೈ ಕಿವಿಯ ತನಕ ಏಳುತ್ತಿತ್ತು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ತಾಗಿದರೆ ಉಳುಕು ಬಿಡುತ್ತದೆಂದು ಮಂಗೋರ್ ಹಿಲ್‌ನ ನಮ್ಮ ಮಂದಿಯೆಲ್ಲ ನನ್ನ ಬಾಗಿಲಿಗೇ ಬರುತ್ತಿದ್ದರು. ರೇಣುಕಾ ಬೇಡ ಅಂದಳು. ಕೇಳದೆ ಅವಳ ಬಗಲಿಗೆ ಹಿಮ್ಮಡಿ ಕೊಟ್ಟು ತೋಳು ಎಳೆದೆ. ಒಳಗೆ ಏನೋ ಲಟಕ್ಕೆಂದಿತು. ಆ ಸಪ್ಪಳ— ಆಮೇಲೆ ಕೈ ಎದೆಯಿಂದ ಮೇಲೆ ಏಳಲೇ ಇಲ್ಲ.

ಬಂದರಿನಲ್ಲಿ ದುಡಿಯುವ ಮಗನಿಗೆ ಇದು ಗೊತ್ತಿರಲಿಲ್ಲ. ಬಾಯಿ ಬಿಟ್ಟರೆ ತವರಿಗೆ ಅಟ್ಟುತ್ತೇನೆಂದು ಅವಳನ್ನು ಹೆದರಿಸಿದ್ದೆ. ಅವಳಿಗಿಂತ ಹೆಚ್ಚು ನಾನು ಹೆದರಿದ್ದೆ. ಸೂಜಿಯಿಂದಲೇ ಹೀಗಾಯಿತೆಂದು ಮಗ ಫ್ಯಾಕ್ಟರಿಯವರ ಹತ್ತಿರ ಪರಿಹಾರ ಕೇಳಿದ. ಇತ್ಯರ್ಥದ ದಿನ ಫ್ಯಾಕ್ಟರಿಯ ಸಾಹೇಬನ ಮುಂದೆ ಕೂತೆವು. ಅವನಿಗೆ ನಮ್ಮ ಪದ್ಧತಿ ಏನು ಗೊತ್ತು? ನೀನು ನಮ್ಮ ಊರ ಕಡೆಯವಳು, ಉಳುಕಿಗೆ ಕೈ ಎಳೆಯುವುದು ಬಲ್ಲವಳು. ನನ್ನನ್ನೇ ನೋಡಿ ಕೇಳಿದೆ:

"ಆಯಿ, ಯಾರರೆ ಕೈ ಜಗ್ಗ್ಯಾರೇನ್ರಿ? ಖರೇ ಹೇಳ್ರಿ."

ಪೊಲೀಸರು, ಜೈಲು, ಮಗನ ಮುಖ— ಎಲ್ಲ ಒಮ್ಮೆಲೇ ಕಣ್ಣಿಗೆ ಬಂದವು.

"ಯಾರೂ ಮುಟ್ಟಿಲ್ಲವ್ವಾ. ನಿನ್ನ ಸೂಜೀನ ಮಾಡೈತಿ."

ರೇಣುಕಾ ನೆಲ ನೋಡಿದಳು. ಸಾಹೇಬ ಪರಿಹಾರ ಕೊಟ್ಟು ಕೈ ತೊಳೆದುಕೊಂಡ. ನಿನ್ನನ್ನು ಕೆಲಸದಿಂದ ತೆಗೆದರು.

ಅಂದಿನಿಂದ ಗುಡ್ಡ ಹತ್ತಿ ಯಾವ ಜೀಪು ಬಂದರೂ ನನ್ನ ಕಾಲು ತಣ್ಣಗಾಗುತ್ತವೆ. ಉಳುಕೆಂದು ಬಂದವರನ್ನು ವಯಸ್ಸಾಯಿತೆಂದು ತಿರುಗಿ ಕಳಿಸುತ್ತೇನೆ. ಸೊಸೆಯ ಕೈ ತಲೆಗೆ ಮುಟ್ಟದು. ದಿನಾ ಅವಳ ಹೆಳಲು ನಾನೇ ಹಾಕುತ್ತೇನೆ. ಹಾಕುವಾಗ ಅವಳ ಮುಖ ಕಾಣುವುದಿಲ್ಲ, ಅಷ್ಟೇ ಚಲೋ ಅಂದುಕೊಂಡಿದ್ದೆ.

ನೀನು ಸಾವರ್ಡೆಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತೀಯಂತೆ. ಸೂಜಿ ಹಿಡಿಯುವ ಕೆಲಸ ಮತ್ತೆ ಸಿಗಲಿಲ್ಲವಂತೆ. ಇವತ್ತು ರೇಣುಕಾಳಿಗೆ ಹೆಳಲು ಹಾಕುತ್ತ, ಅಲ್ಲಿಗೆ ಹೋಗಿ ಹೇಳಿಬಿಡೋಣ ಅಂದೆ.

"ನಿಮ್ಮನ್ನ ಹಿಡಕೊಂಡು ಹೋದ್ರ?" ಅಂದಳು, ತಿರುಗದೆ.

ಹೆಳಲು ನನ್ನ ಕೈಯಿಂದ ಜಾರಿ ಬಿಚ್ಚಿಹೋಯಿತು. ಮೊದಲಿನಿಂದ ಹಾಕಿದೆ.

ನಾಳೆ ಬರುತ್ತೇವೆ, ಸಿಸ್ಟರ್. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ. ಆಮೇಲೆ ಕೊರ್ಲಿಮ್‌ಗೆ, ಆ ಸಾಹೇಬನ ಕುರ್ಚಿಯಲ್ಲಿ ಈಗ ಯಾರಿದ್ದಾರೋ ಅವರ ಮುಂದೆ— ನೆನೆದರೆ ಈಗಲೂ ಕಾಲು ತಣ್ಣಗಾಗುತ್ತವೆ. ಅದೇ ಕಾಲಿನಲ್ಲಿ ನಡೆದು ಹೋಗಬೇಕು.