ದೋಣಿಯ ಮುಚ್ಚಳ ಮತ್ತು ಒಂದು ಲೋಟ ನೀರು

ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದವರಿಗೆ ಮುಚ್ಚುವ ವಿಷಯದಲ್ಲಿ ಒಂದು ಶಿಸ್ತು ಅಂಟಿಕೊಂಡುಬಿಡುತ್ತದೆ. ಒಳಗೆ ಏನು ಉಳಿದಿದೆ ಎಂದು ನೋಡದೆ ನಾವು ಏನನ್ನೂ ಮುಚ್ಚುವುದಿಲ್ಲ. ಒಮ್ಮೆ ಮುಚ್ಚಿದ ಮೇಲೆ ಮತ್ತೆ ಮುಟ್ಟುವುದಿಲ್ಲ. ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ವರ್ಗವಾಗುತ್ತಾ ಕೊನೆಗೆ ಹುಣಸೂರಿನಲ್ಲಿ ನಿವೃತ್ತಳಾಗುವವರೆಗೂ ನಾನು ಹಾಗೆಯೇ ಬದುಕಿದವಳು. ಅದೇ ಶಿಸ್ತಿನಿಂದ ನಮ್ಮ ಮನೆಯವರ ರಿಮೋಟ್ ದೋಣಿಯ ಮುಚ್ಚಳವನ್ನೂ ಮುಚ್ಚುತ್ತಿದ್ದೆ. ಆದರೂ ನೀರು ಬರುತ್ತಿತ್ತು.

ನಮ್ಮ ಮನೆಯವರು ಹುಣಸೂರಿನಲ್ಲಿ ಮರದ ಸಾಮಾನಿನ ಅಂಗಡಿ ನಡೆಸಿದವರು. ಅಂಗಡಿ ಬಿಟ್ಟ ಮೇಲೆ ಸುಮ್ಮನೆ ಕೂರಲಾರದೆ ಒಂದು ದೋಣಿ ಕಟ್ಟತೊಡಗಿದರು. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಗಿಡ್ಡ ದೋಣಿಗಳಿರುತ್ತವಲ್ಲ, ಅದರ ಮಾದರಿ. ಒಂದು ತೋಳಿನಷ್ಟು ಉದ್ದ, ಕೆಂಪು ಒಡಲು, ಅದರ ಮೇಲೆ ಹಾಸಿದ ಕಪ್ಪು ಅಟ್ಟ, ಅಟ್ಟದ ಮೇಲೊಂದು ಹೊಗೆಕೊಳವೆ. ಅಟ್ಟದ ನಡುವೆ ಅಂಗೈ ಎರಡು ಸೇರಿಸಿದಷ್ಟು ಬಾಯಿ. ಬ್ಯಾಟರಿ, ಮೋಟಾರು, ರಿಮೋಟಿನ ಮಾತು ಕೇಳುವ ಪುಟ್ಟ ಪೆಟ್ಟಿಗೆ, ಎಲ್ಲವೂ ಆ ಬಾಯಿಂದಲೇ ಒಳಗೆ ಹೋಗಬೇಕು. ಅದರ ಮುಚ್ಚಳ ಕೊಯ್ಯುವುದೊಂದು ಬಾಕಿ ಇದ್ದಾಗ ಅವರಿಗೆ ಸ್ಟ್ರೋಕ್ ಆಯಿತು.

ಜೀವ ಉಳಿಯಿತು. ಬಲಗೈ ನಿಧಾನವಾಯಿತು, ಮಾತು ತೊದಲಿತು. ನನ್ನ ಜೊತೆ ಮಾತಾಡುತ್ತಿದ್ದರು, ಹೊರಗಿನವರು ಬಂದರೆ ಬಾಯಿ ಬಿಗಿ. ಹಳೆಯ ಗಿರಾಕಿಗಳು ಬಾಗಿಲಿಗೆ ಬಂದರೆ ಮಲಗಿದ್ದಾರೆ ಎಂದು ಹೇಳಿಸುತ್ತಿದ್ದರು. ಕೈಗೆ ಕೆಲಸ ಕೊಡಿ ಎಂದು ವ್ಯಾಯಾಮ ಹೇಳಿಕೊಡುವವರು ಹೇಳಿದ್ದರಿಂದ ಮುಚ್ಚಳವನ್ನು ಅವರೇ, ಬಲಗೈಗೆ ಎಡಗೈಯ ಆಸರೆ ಕೊಟ್ಟು, ಹಲವು ಮಧ್ಯಾಹ್ನಗಳಲ್ಲಿ ಕೊಯ್ದರು. ಅಂಚು ಒಂದು ಕಡೆ ಸ್ವಲ್ಪ ಅಲೆಯಂತಾಯಿತು. ಅದರ ಮೇಲೆ ಬೆರಳಾಡಿಸಿ ನೋಡುವುದು ಅವರಿಗೊಂದು ಚಾಳಿಯಾಯಿತು.

ಮೊದಲ ಸಲ ಗಾವಡಗೆರೆ ಕಡೆಯ ಒಂದು ಕೆರೆಗೆ ಹೋದೆವು. ಕಾರು ನಾನೇ ಓಡಿಸುತ್ತೇನೆ. ದೋಣಿ ಒಂದೆರಡು ಸುತ್ತು ಚೆನ್ನಾಗಿ ಹೋಯಿತು. ಆಮೇಲೆ ಹಿಂಭಾಗ ತಗ್ಗಿ, ಮಾತು ಕೇಳದೆ, ದಡದ ಜೊಂಡಿಗೆ ಹೋಗಿ ನಿಂತಿತು. ನಮ್ಮ ಮನೆಯವರು ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗುಳುಗುಳು. ಮುಚ್ಚಳ ತೆಗೆದರೆ ಒಂದು ಲೋಟ ನೀರು.

"ಈ ಕೈ ಕೊಯ್ದ ಮುಚ್ಚಳ ಕಣೇ," ಎಂದರು. "ಇನ್ನೇನಾಗತ್ತೆ."

ಅವತ್ತಿನಿಂದ ನನಗೆ ಒಂದು ಕಡೆ ಕಾಲು ನಿಲ್ಲದಂತಾಯಿತು. ಆ ದೋಣಿ ಇಲ್ಲದಿದ್ದರೆ ಅವರು ಮನೆಯ ಹೊಸಿಲು ದಾಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಗ್ಗರಣೆ ಹಾಕುವಾಗಲೂ ಮುಚ್ಚಳದ ಯೋಚನೆ, ಬಟ್ಟೆ ಹಿಂಡುವಾಗಲೂ ಅದೇ. ಬಾಯಿಯ ಸುತ್ತ ಸ್ಪಂಜಿನ ಪಟ್ಟಿ ಅಂಟಿಸಿದೆ. ಅಂಚು ಅಲೆಯಾಗಿದ್ದ ಕಡೆ ಸಿಲಿಕಾನ್ ತುಂಬಿದೆ. ಅದರ ಮೇಲೆ ವ್ಯಾಸಲೀನ್ ಸವರಿ, ಮುಚ್ಚಳವಿಟ್ಟು, ಸುತ್ತಲೂ ಟೇಪು ಎಳೆದು, ಉಗುರಿನಿಂದ ಒತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಿನ ದೊಡ್ಡ ಟಬ್ಬಿನಲ್ಲಿ ಅರ್ಧ ಗಂಟೆ ತೇಲಿಬಿಟ್ಟೆ. ತೆಗೆದು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಒಳಗೆ ಒತ್ತಿ ನೋಡಿದೆ. ಒಣ. ಮರುದಿನವೂ ಒಣ.

ಮುಂದಿನ ಭಾನುವಾರ ಮನೆಯಲ್ಲೇ ಮುಚ್ಚಿ, ಟೇಪು ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟೆ. ಕೆರೆಯ ಹತ್ತಿರ ಮುಚ್ಚಿದರೆ ಧೂಳು ಸೇರುತ್ತದೆ ಎಂದು ನನ್ನ ನಿಯಮ.

ಆ ಕೆರೆಯಲ್ಲಿ ಮೀನು ಹಿಡಿಯುವವರೊಬ್ಬರಿದ್ದಾರೆ. ನಮ್ಮದೇ ವಯಸ್ಸು, ಹುಣಸೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಬಲ್ಲವರು. ಬೆಳಗಿನ ಬಲೆ ಎತ್ತಿ, ಹರಿಗೋಲನ್ನು ದಡದಲ್ಲಿ ಕೋಲು ಕೊಟ್ಟು ಬೋರಲಾಗಿ ಎತ್ತಿ ನಿಲ್ಲಿಸಿ, ಅದರ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾರೆ. ನಮ್ಮ ದೋಣಿ ನೋಡಿ ನಕ್ಕರು.

"ಏನ್ ನರ್ಸಮ್ಮ, ಆಟದ ದೋಣಿಗೂ ಪಟ್ಟಿ ಕಟ್ಟಿದ್ದೀರಾ? ಎಲ್ಲಿ ಬಿದ್ದಿತ್ತು?"

"ನೀರು ಹೋಗಬಾರದು ಅಂತ."

"ನೀರು ಓಗ್ದಂಗೆ ಮಾಡೋದು ಟೇಪಲ್ಲ ಕಣವ್ವ. ಗಂಗವ್ವಂಗೆ ಕರ್ಪೂರ ಅಚ್ಚಿದ್ರಾ ಓದ್ಸಲ? ಇಲ್ಲ ತಾನೇ? ನಾನು ಒಸ ತೆಪ್ಪ ಇಳಿಸ್ದಾಗ ಕೋಳಿನೇ ಕುಯ್ದೆ. ನೀವು ಸುಮ್ಕೆ ಬಂದು ಇಳಿಸ್ಬುಟ್ರೆ ಅವ್ಳು ಬುಡ್ತಾಳಾ?"

ಅವರ ಬಾಯಲ್ಲಿ ತೆಪ್ಪ ಎಂದರೆ ಹರಿಗೋಲೇ. ನಮ್ಮ ಮನೆಯವರು ತಲೆಯಷ್ಟೇ ಆಡಿಸಿದರು. ಅಂಗಡಿಯಲ್ಲಿ ಪ್ರತಿ ಹೊಸ ಯಂತ್ರಕ್ಕೂ ಪೂಜೆ ಮಾಡಿದವರು, ಇದನ್ನು ಮರೆತದ್ದು ಅವರಿಗೆ ಚುಚ್ಚಿರಬೇಕು. ಮೀನಿನವರು ತಮ್ಮ ಚೀಲದಿಂದಲೇ ಕರ್ಪೂರ, ಕುಂಕುಮ ಕೊಟ್ಟರು. ದೋಣಿಯನ್ನು ತೂಬಿನ ಕಲ್ಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಇಟ್ಟೆವು. ಬೆಂಕಿಕಡ್ಡಿಯನ್ನು ಗೀರಲು ನಾನು ಕೈ ಚಾಚಿದೆ. ನಮ್ಮ ಮನೆಯವರು ಬೆಂಕಿಪೊಟ್ಟಣವನ್ನು ನನ್ನಿಂದ ಆಚೆ ಸರಿಸಿದರು.

ಬಲಗೈಯಲ್ಲಿ ಕಡ್ಡಿ, ಎಡಗೈಯಲ್ಲಿ ಪೊಟ್ಟಣ. ಗೀರು ತಪ್ಪುತ್ತಿತ್ತು. ಹತ್ತಿದರೆ ಗಾಳಿಗೆ ಆರುತ್ತಿತ್ತು. ಮೀನಿನವರು ಕೆರೆಯ ಕಡೆಗೆ ತಿರುಗಿ ಎಲೆಗೆ ಸುಣ್ಣ ಸವರಿಕೊಂಡರು, ನೋಡುತ್ತಿಲ್ಲ ಎನ್ನುವ ಹಾಗೆ. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ. ತೂಬಿನಿಂದ ಕಾರಿಗೆ, ಕಾರಿನಿಂದ ತೂಬಿಗೆ ಓಡಾಡಿದೆ. ಬಿಸಿಲು ಏರಿತು. ದೋಣಿಯ ಕಪ್ಪು ಅಟ್ಟ ಮುಟ್ಟಿದರೆ ಸುಡುವಂತಿತ್ತು. ಕೊನೆಗೆ ಕರ್ಪೂರ ಹತ್ತಿತು. ಆರತಿ ಮಾಡಿ, ದೋಣಿಯ ಹಣೆಗೆ ಕುಂಕುಮ ಇಟ್ಟು, ನೀರಿಗೆ ಬಿಟ್ಟರು.

ಮತ್ತೆ ಅದೇ. ಎರಡು ಸುತ್ತು, ಹಿಂಭಾಗ ತಗ್ಗಿತು. ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳುಗುಳು.

"ನಿನ್ನ ಟೇಪಿನದೇನೂ ತಪ್ಪಿಲ್ಲ," ಎಂದರು, ನಿಧಾನವಾಗಿ, ಒಂದೊಂದೇ ಮಾತು ಹುಡುಕಿ. "ಇನ್ನೊಂದು ಸಲ ನೋಡೋದು. ಆಗಲೂ ನೀರು ಬಂದ್ರೆ ಗುಜರಿಗೆ ಹಾಕ್ಬುಡು. ನನ್ನನ್ನ ಕೆರೆ ಕಡೆ ಕರೀಬೇಡ."

ಹರಿಗೋಲಿನ ನೆರಳಲ್ಲಿ ಕೂತು ತಿಂಡಿ ಬಿಚ್ಚಿದೆ. ಬೆಳಿಗ್ಗೆ ಹಬೆಯಾಡುತ್ತಿದ್ದ ಚಿತ್ರಾನ್ನವನ್ನು ಸ್ಟೀಲ್ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತಂದಿದ್ದೆ. ಈಗ ಮುಚ್ಚಳ ಬರಲಿಲ್ಲ. ತಿರುಚಿದೆ, ಕಲ್ಲಿಗೆ ತಟ್ಟಿದೆ. ಮೀನಿನವರು ಮಜಾ ನೋಡಿದರು.

"ಇದಕ್ಕೂ ಸಿಲಿಕಾನು ಆಕಿದ್ದೀರಾ ನರ್ಸಮ್ಮ?"

ಚಮಚದ ತುದಿಯನ್ನು ಅಂಚಿಗೆ ಕೊಟ್ಟು ಎತ್ತಿದೆ. ಸುಸ್ ಎಂದು ಗಾಳಿ ಒಳಗೆ ಹೋಯಿತು, ಮುಚ್ಚಳ ಸಲೀಸಾಗಿ ಬಂತು. ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು. ನಾನು ಮುಚ್ಚಳ ಹಿಡಿದುಕೊಂಡೇ ಕೂತೆ. ಬಿಸಿಯಿದ್ದಾಗ ಮುಚ್ಚಿದ್ದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಹೊರಗಿನದನ್ನು ಎಳೆದುಕೊಳ್ಳುತ್ತದೆ. ಸಿರಿಂಜಿನ ದಂಡ ಹಿಂದಕ್ಕೆಳೆದ ಹಾಗೆ. ಡಬ್ಬಿಯ ಸುತ್ತ ಇದ್ದದ್ದು ಗಾಳಿ. ದೋಣಿಯ ಸುತ್ತ ಇದ್ದದ್ದು ನೀರು.

"ಏನಾಯ್ತು?" ಎಂದರು ನಮ್ಮ ಮನೆಯವರು.

"ನಿಮ್ಮ ಮುಚ್ಚಳ ಸರಿಯಾಗೇ ಇದೆ," ಎಂದೆ. ಅವರು ಸಮಾಧಾನದ ಮಾತೆಂದುಕೊಂಡು ಚಿತ್ರಾನ್ನಕ್ಕೆ ಕೈ ಹಾಕಿದರು.

ಮನೆಗೆ ಬಂದವಳೇ ಸೀರೆ ಬದಲಿಸದೆ ಶುರುಮಾಡಿದೆ. ದೋಣಿಯನ್ನು ಒರೆಸಿ, ಒಣಗಿಸಿ, ಮುಚ್ಚಿ, ಟೇಪು ಹಾಕಿ, ತಾರಸಿಯ ಬಿಸಿಲಿಗಿಟ್ಟೆ. ಒಮ್ಮೆ ಹತ್ತಿ ನೋಡಿದೆ, ಮತ್ತೊಮ್ಮೆ ಹತ್ತಿ ನೋಡಿದೆ. ಅಟ್ಟ ಸುಡತೊಡಗಿದಾಗ ಇಳಿಸಿ ತಂದು, ಅವರನ್ನೂ ಬಚ್ಚಲಿಗೆ ಕರೆದು, ತಣ್ಣೀರಿನ ಟಬ್ಬಿನಲ್ಲಿ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರ ಕೈಗೇ ಕೊಟ್ಟೆ. ಅಲ್ಲಾಡಿಸಿದರು. ಗುಳುಗುಳು.

"ಬೆಳಿಗ್ಗೆ ತಣ್ಣಗಿದ್ದಾಗ ಬಿಟ್ಟರೆ ಒಂದು ತೊಟ್ಟೂ ಬರಲಿಲ್ಲ. ಅದೇ ಮುಚ್ಚಳ, ಅದೇ ಟೇಪು. ಡಿಕ್ಕಿಯಲ್ಲಿ ಕಾದು, ಕಲ್ಲಿನ ಮೇಲೆ ಕಾದು, ಒಳಗಿನ ಗಾಳಿ ಉಬ್ಬಿ ಸಂದಿಯಿಂದ ಹೊರಗೆ ಹೋಗುತ್ತೆ. ನೀರಿಗೆ ಇಳಿದು ತಣ್ಣಗಾದಾಗ ಹೀರುತ್ತೆ. ನಾನು ಬಿಗಿಯಾಗಿ ಮುಚ್ಚಿದಷ್ಟೂ ಜೋರಾಗಿ ಹೀರುತ್ತೆ. ಮುಚ್ಚಳದಲ್ಲಿ ಜಾಗ ಸಿಗದಿದ್ದರೆ ಹಿಂದೆ ನೀರು ತಳ್ಳೋ ರೆಕ್ಕೆಯ ಸರಳು ತಿರುಗೋ ಕೊಳವೆಯಿಂದ ಹೀರುತ್ತೆ. ನಿಮ್ಮ ಕೈದೇನಿದೆ ಇದರಲ್ಲಿ?"

ಅವರು ಬಚ್ಚಲಿನ ಸ್ಟೂಲಿನ ಮೇಲೆ ಕೂತು ದೋಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನ ಅಲೆಯನ್ನು ಬೆರಳು ಮುಟ್ಟಿತು, ಅಲ್ಲಿ ನಿಲ್ಲದೆ ಮುಂದೆ ಹೋಯಿತು.

"ಹಂಗಾದ್ರೆ ಉಸಿರಾಡೋಕೆ ತೂತು ಬೇಕು," ಎಂದರು.

"ನೀರು ಬರಬಾರದು ಅಂತ ದೋಣಿಗೇ ತೂತು ಹೊಡೀತೀರಾ?"

"ಕೆಳಗಲ್ಲ ಕಣೇ, ಪೆದ್ದಿ. ಹೊಗೆಕೊಳವೆ ಯಾಕಿದೆ? ಸುಮ್ನೆ ಷೋಕಿಗೆ ನಿಂತಿದೆ ಅದು. ಕೆಲಸ ಮಾಡ್ಲಿ."

ಪೆದ್ದಿ ಎಂದು ಅವರು ನನ್ನನ್ನು ಬೈದು ಬಹಳ ಕಾಲವಾಗಿತ್ತು.

ಹೊಗೆಕೊಳವೆಯ ಬುಡದಲ್ಲಿ, ಅಟ್ಟಕ್ಕೆ, ಕೈ ಡ್ರಿಲ್ಲಿನಿಂದ ಅವರೇ ತೂತು ಹೊಡೆದರು. ಬಿಟ್ ಎರಡು ಸಲ ಜಾರಿ ಬಣ್ಣ ಗೀಚಿತು. ನಾನು ಅಡುಗೆಮನೆಗೂ ಅಂಗಳಕ್ಕೂ ನಡೆದಾಡಿದೆ, ಬೈಸಿಕೊಂಡೆ, ಮತ್ತೆ ನಡೆದಾಡಿದೆ. ಆ ವಾರ ಹಗಲು ಸಾಗುತ್ತಲೇ ಇರಲಿಲ್ಲ. ಅವರು ಸರಿಯೆಂದು ಒಪ್ಪಿದ್ದರು, ಆದರೆ ಗುಜರಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಭಾನುವಾರ ಮುಚ್ಚಳವನ್ನು ಮುಚ್ಚದೆಯೇ, ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಧೂಳು ಸೇರಲಿ, ಒರೆಸಿದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ತೂಬಿನ ಕಲ್ಲಿನ ಮೇಲೆ ದೋಣಿ ಬಾಯಿ ತೆರೆದುಕೊಂಡು ಕೂತಿತು. ನಮ್ಮ ಮನೆಯವರು ಕಡ್ಡಿ ಗೀರಿದರು. ಆರಿತು. ಇನ್ನೊಂದು ಗೀರಿದರು. ಎಷ್ಟು ಹೊತ್ತಾದರೂ ಆಗಲಿ, ಈಗ ಅದರಿಂದ ದೋಣಿಗೇನೂ ಆಗುವಂತಿರಲಿಲ್ಲ.

ಆರತಿಯಾದ ಮೇಲೆ ದೋಣಿಯನ್ನು ಹಾಗೇ ದಡದ ನೀರಿನಲ್ಲಿ ಹಿಡಿದುಕೊಂಡೆ. ಒಡಲು ತಣ್ಣಗಾದ ಮೇಲೆ ಒಳಗೆ ಗಾಜ್ ಬಟ್ಟೆ ಆಡಿಸಿ, ವ್ಯಾಸಲೀನ್ ಸವರಿ, ಮುಚ್ಚಿದೆ. ಟೇಪು ಹಾಕಿದೆ. ಹೊಗೆಕೊಳವೆಯ ತೂತನ್ನು ಮಾತ್ರ ತೆರೆದೇ ಬಿಟ್ಟೆ.

"ಕಟ್ಟಾಯ್ತಾ ಪಟ್ಟಿ?" ಎಂದರು ಮೀನಿನವರು. "ಓಗ್ಲಿ ಬುಡಿ ಈಗ."

ಎರಡು ಸುತ್ತಾಯಿತು. ಮೂರಾಯಿತು. ನಾನು ಹಿಂಭಾಗವನ್ನೇ ನೋಡುತ್ತಿದ್ದೆ. ತಗ್ಗಲಿಲ್ಲ. ಅವರು ಅದನ್ನು ಜೊಂಡಿನ ಪಕ್ಕ ಓಡಿಸಿದರು, ಬಲೆಯ ಬೆಂಡುಗಳ ನಡುವೆ ತೂರಿಸಿದರು.

"ಯಜಮಾನ್ರೆ, ಬಲೆ ಬಲೆ! ರೆಕ್ಕೆಗೆ ಸಿಕ್ಕಾಕಂಡ್ರೆ ನಿಮ್ಮೆಂಡ್ರು ಆಪರೇಸನ್ ಮಾಡ್ಬೇಕಾಯ್ತದೆ!"

"ಸಿ... ಸಿಕ್ಕಲ್ಲ," ಎಂದರು ನಮ್ಮ ಮನೆಯವರು. "ನೋಡ್ತಿರಿ."

ನಾನು ಅವರ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮಾತು ನಿಂತುಹೋದೀತೆಂದು ಭಯ.

ದೋಣಿ ಕೆರೆಯ ನಡುವಿಗೆ ಹೋಯಿತು, ಅಲ್ಲಿ ತಿರುಗುವಾಗ ನಿಂತುಬಿಟ್ಟಿತು. ರಿಮೋಟಿನ ಕಡ್ಡಿಯನ್ನು ಅವರು ಆಚೆ ಈಚೆ ತಳ್ಳಿದರು. ಅಲುಗಲಿಲ್ಲ. ಆದರೆ ಮುಳುಗಲೂ ಇಲ್ಲ. ಕೆಂಪು ಒಡಲು ಇಳಿಸಿದಾಗ ಎಷ್ಟು ಮೇಲಿತ್ತೋ ಅಷ್ಟೇ ಮೇಲಿತ್ತು.

"ಬ್ಯಾಟರಿ ಮುಗೀತು," ಎಂದರು. ಇದುವರೆಗೆ ಬ್ಯಾಟರಿ ಮುಗಿಯುವಷ್ಟು ಹೊತ್ತು ಅದು ಓಡಿಯೇ ಇರಲಿಲ್ಲ. ಹಾಗೊಂದು ತೊಂದರೆ ಇದೆಯೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮೀನಿನವರು ಎಲೆ ಉಗಿದು, ಹರಿಗೋಲನ್ನು ಮಗುಚಿ ನೀರಿಗೆ ತಳ್ಳಿದರು. "ಕೂತಿರಿ, ತತ್ತೀನಿ."

"ನಾನೂ ಬತ್ತೀನಿ," ಎಂದರು ನಮ್ಮ ಮನೆಯವರು. ಮೀನಿನವರಿಗೆ, ನನಗಲ್ಲ.

ಬಲಗಾಲು ಸೋಲುತ್ತದೆ, ನೀವು ಅದರಲ್ಲಿ ಕೂರಲಾರಿರಿ ಎಂದು ನಾನು ಹೇಳುತ್ತಿದ್ದಂತೆಯೇ ಅವರು ಮೀನಿನವರ ಹೆಗಲು ಹಿಡಿದು ಹತ್ತಿಯಾಗಿತ್ತು. ಹರಿಗೋಲು ಒಂದು ಸುತ್ತು ಗಿರಕಿ ಹೊಡೆದು ಹೊರಟಿತು. ನನಗೆ ಈಜು ಬರುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ತೂಬಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದೆ. ಕೈಯಲ್ಲಿ ಗಾಜ್ ಬಟ್ಟೆ ಹಾಗೇ ಇತ್ತು.

ನಡುವಿನಲ್ಲಿ ಅವರು ಬಾಗಿ ದೋಣಿಯನ್ನು ಎರಡೂ ಕೈಯಿಂದ ಎತ್ತಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಮ್ಮೆ ಅಲ್ಲಾಡಿಸಿದರು. ಆಮೇಲೆ ಮೀನಿನವರ ಕಿವಿಯ ಹತ್ತಿರವೂ ಹಿಡಿದರು. ಅವರು ತಲೆ ಅಡ್ಡಡ್ಡ ಆಡಿಸಿದ್ದು ಮಾತ್ರ ನನಗೆ ಕಂಡಿತು.

"ಬನ್ನಿ ಇನ್ನು!" ಎಂದು ಕೂಗಿದೆ.

ನಮ್ಮ ಮನೆಯವರು ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಹೇಳುತ್ತಿದ್ದರು, ಉದ್ದಕ್ಕೆ. ಬಲಗೈ ಎತ್ತಿ ಆಚೆ ದಡದ ಕಡೆ ತೋರಿಸಿದರು. ಮೀನಿನವರು ನಕ್ಕರು. ಹುಟ್ಟು ನೀರಿಗಿಳಿಯಿತು. ಹರಿಗೋಲು ನನ್ನ ಕಡೆ ತಿರುಗದೆ ಆಚೆಗೇ ಸಾಗಿತು.