ಗಿಟಾರು ಎರಡು ಟಣ್, ಉಳಿದದ್ದೆಲ್ಲ ಅತ್ತೆ

ಮೈದುನ ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದ. ಗಿಟಾರು ಎರಡು ಸಲ ಟಣ್ ಎಂದಿತು. ಆಮೇಲೆ ಬಂದದ್ದು ನಮ್ಮತ್ತೆಯ ದನಿ. ಬೀಸುವ ಪದದ ಒಂದು ಸಾಲು, ನಡುವೆಯೇ ನನಗೊಂದು ಕೂಗು, "ಏ ಗೌರವ್ವಾ, ಸಂಡಿಗಿಗೆ ಕಾಗಿ ಬಂದಾವ ನೋಡ!"

ಎಂಬತ್ತರ ದಶಕ, ಕೊಟ್ಟೂರಿನ ನಮ್ಮ ಮನೆ. ವಿದೇಶದ ರಾಕ್ ತಂಡವೊಂದು ಬಿಡುಗಡೆಯನ್ನೇ ಮಾಡದ ಹಾಡುಗಳ ಆ ಕ್ಯಾಸೆಟ್ಟು ಇಡೀ ಜಿಲ್ಲೆಯಲ್ಲಿ ತನ್ನೊಬ್ಬನ ಬಳಿ ಇದೆಯೆಂದು ಮೈದುನ ಮೆರೆಯುತ್ತಿದ್ದ. ಅದನ್ನು ಕಾಪಿ ಮಾಡಿಕೊಳ್ಳಲು ಗೆಳೆಯನೊಬ್ಬ ಹಡಗಲಿಯಿಂದ ತನ್ನ ಟೇಪ್‌ರೆಕಾರ್ಡರನ್ನೂ ಹೊತ್ತು ಬಂದಿದ್ದ.

"ಅತ್ತಿಗಿ, ಏನ್ ಮಾಡೀರಿ ಇದನ್ನ?"

"ಅದು ಕೆಟ್ಟ ಕ್ಯಾಸೆಟ್ಟಪ್ಪಾ. ಅರ್ಧ ಹಾಡ್ತಾರ, ಕೆಮ್ತಾರ, ನಗ್ತಾರ, ಮತ್ತ ಮೊದ್ಲಿಂದ ಶುರು ಮಾಡ್ತಾರ. ಯಾರೂ ಅಳಿಸಬಾರ್ದಂತ ನೀ ಮುರ್ದಿದ್ದ ಮೂಲಿ ತೂತಿಗೆ ಕಾಗದ ತುರುಕಿ ನಿಮ್ಮವ್ವನ ಹಾಡು ತುಂಬ್ಸೀನಿ."

"ಅಯ್ಯೋ, ಹಂಗಿರೋದಕ್ಕ ಅಲ್ಲೇನ್ರಿ ಅದು ಎಲ್ಲೂ ಸಿಗಲ್ಲ ಅನ್ನೋದು!"

ಮೈದುನ ತಲೆಯ ಮೇಲೆ ಕೈಹೊತ್ತು ಕೂತ. ಗೆಳೆಯ ಮಾತ್ರ ಕಣ್ಣು ಮುಚ್ಚಿ ಕಾಲು ಕುಣಿಸುತ್ತಿದ್ದ. "ಇದೂ ಎಲ್ಲೂ ಸಿಗಲ್ಲ ಬಿಡಲೇ" ಎಂದವನು, ಬರಿಗೈಲಿ ಹೋಗಬಾರದೆಂದೋ ಏನೋ, ಅತ್ತೆಯನ್ನೇ ಕಾಪಿ ಮಾಡಿಕೊಂಡು ಹೋದ.

ಅತ್ತೆ ತೀರಿಕೊಂಡ ವರ್ಷವೇ ನಮ್ಮ ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡು ಹರಿಯಿತು. ಆಗ ಮೈದುನನೇ ಹಡಗಲಿಗೆ ಹೋಗಿ ಆ ಕಾಪಿಯ ಕಾಪಿ ತಂದ. ಈಗ ಅದು ನನ್ನ ಫೋನಿನಲ್ಲಿದೆ. ಮೊದಲು ಎರಡು ಟಣ್, ಆಮೇಲೆ ಅತ್ತೆ. ಕಾಗೆಯ ಮಾತು ಬಂದಾಗ ನಾನು ಇವತ್ತಿಗೂ ಎದ್ದು ಅಂಗಳ ನೋಡುತ್ತೇನೆ.